ಬಿಇಇಯ ನಾಲ್ಕು ಕೈಪಿಡಿಗಳು: ಎನರ್ಜಿ ಆಡಿಟ್ ಕೆಲಸಕ್ಕೆ ಇಳಿಯುವವರಿಗೆ ಎಷ್ಟು ದೂರ ಜೊತೆ ಬರುತ್ತವೆ?

ಇಂಧನ ಉಳಿತಾಯ, ಕಾರ್ಬನ್ ಲೆಕ್ಕದ ಸಲಹಾ ಕಂಪನಿಗಳಲ್ಲಿ ಕೆಲಸ ಹುಡುಕುವ ಹೊಸ ಎಂಜಿನಿಯರುಗಳು ಮೊದಲು ದುಡ್ಡು ಸುರಿಯುವುದು ಆನ್‌ಲೈನ್ ಕೋರ್ಸುಗಳಿಗೆ. ಅದಕ್ಕೂ ಮೊದಲು ಪುಕ್ಕಟೆಯಾಗಿ ಸಿಗುವ ನಾಲ್ಕು ಪುಸ್ತಕಗಳನ್ನು ಓದಿ ಮುಗಿಸಿ: ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಬಿಇಇ, ತನ್ನ ಎನರ್ಜಿ ಮ್ಯಾನೇಜರ್ ಮತ್ತು ಎನರ್ಜಿ ಆಡಿಟರ್ (ಇಂಧನ ಎಲ್ಲಿ ಪೋಲಾಗುತ್ತಿದೆ ಎಂದು ಅಳೆದು ಹೇಳುವವರು) ಪರೀಕ್ಷೆಗಾಗಿ ಹೊರತಂದ ಕೈಪಿಡಿಗಳು.

ಮೊದಲು ಪರೀಕ್ಷೆಯ ವಿಷಯ. ಮೊದಲ ಮೂರು ಪತ್ರಿಕೆಗಳಿಗೆ ತಲಾ 150 ಅಂಕ. ನಾಲ್ಕನೆಯದು 100 ಅಂಕದ್ದು, ಪುಸ್ತಕ ನೋಡಿ ಬರೆಯುವಂಥದ್ದು, ಆಡಿಟರ್ ಆಗಬಯಸುವವರಿಗೆ ಮಾತ್ರ. ಪ್ರತಿ ಪತ್ರಿಕೆಯಲ್ಲೂ ಶೇ 50 ಬೇಕು. ಆದರೆ ಬಿಇ ಮುಗಿಸಿದವರಿಗೆ 3 ವರ್ಷ, ಡಿಪ್ಲೊಮಾದವರಿಗೆ 6 ವರ್ಷ ಸಂಬಂಧಪಟ್ಟ ಕೆಲಸದ ಅನುಭವ ಇಲ್ಲದೆ ಕೂರಲು ಬಿಡುವುದಿಲ್ಲ. ಆದ್ದರಿಂದ ನೇಮಕಾತಿ ಪತ್ರ, ಅನುಭವ ಪತ್ರಗಳಲ್ಲಿ ‘ಎಂಜಿನಿಯರ್’ ಎಂದಷ್ಟೇ ಬರೆಸಿಕೊಂಡು ಸುಮ್ಮನಾಗಬೇಡಿ. ಬಾಯ್ಲರ್, ಕಂಪ್ರೆಸರ್, ನಿರ್ವಹಣೆ ಹೀಗೆ ಮಾಡಿದ ಕೆಲಸದ ಹೆಸರು ಅದರಲ್ಲಿರಲಿ. ಓದುವುದಕ್ಕಂತೂ ಮೂರು ವರ್ಷ ಕಾಯಬೇಕಿಲ್ಲ.

ಈ ನಾಲ್ಕರಲ್ಲಿ ನಿಜವಾದ ಬೆಲೆಯಿರುವುದು ವಿದ್ಯುತ್ ಉಪಕರಣಗಳ ಮೂರನೆಯ ಪುಸ್ತಕಕ್ಕೆ ಮತ್ತು ಉಪಕರಣಗಳನ್ನು ಪರೀಕ್ಷಿಸುವ ಬಗೆ ಹೇಳುವ ನಾಲ್ಕನೆಯದಕ್ಕೆ. ಕಂಪ್ರೆಸರಿನಿಂದ ಯಂತ್ರಗಳಿಗೆ ಹೋಗುವ ಒತ್ತಡದ ಗಾಳಿಯ ಸೋರಿಕೆ ಪರೀಕ್ಷೆಯನ್ನೇ ನೋಡಿ. ಕಾರ್ಖಾನೆಗೆ ರಜೆಯಿರುವ ದಿನ ಕಂಪ್ರೆಸರ್ ಒಂದನ್ನೇ ಓಡಿಸಿ, ಅದು ಲೋಡ್ ಆಗಿರುವ (ಗಾಳಿ ತುಂಬುತ್ತಿರುವ) ಸಮಯ, ಅನ್‌ಲೋಡ್ ಆಗಿರುವ (ಗಾಳಿ ತುಂಬದೆ ಸುಮ್ಮನೆ ಓಡುವ) ಸಮಯ ಬರೆದುಕೊಳ್ಳಬೇಕು. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಆದರೆ ಸೋರಿಕೆ 2 ÷ (2+6), ಅಂದರೆ ಶೇ 25. ಕಂಪ್ರೆಸರ್ ಸಾಮರ್ಥ್ಯ 200 ಸಿಎಫ್ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಂದಾದರೆ 50 ಸಿಎಫ್ಎಂ ಸುಮ್ಮನೆ ಹೋಗುತ್ತಿದೆ. ಸಿಎಫ್ಎಂಗೆ 0.18 ಕಿಲೋವ್ಯಾಟ್ ಹಿಡಿದರೆ 9 ಕಿಲೋವ್ಯಾಟ್. ವರ್ಷಕ್ಕೆ 6,000 ಗಂಟೆ ಓಡಿದರೆ 54,000 ಯೂನಿಟ್. ಅಷ್ಟನ್ನೂ ಉಳಿತಾಯವೆಂದು ವರದಿಯಲ್ಲಿ ಬರೆಯಬೇಡಿ, ಎಲ್ಲ ತೂತೂ ಮುಚ್ಚುವುದಿಲ್ಲ. ಅರ್ಧ ಹಿಡಿಯುವುದು ಮರ್ಯಾದೆಯ ಲೆಕ್ಕ.

ಸೂತ್ರ ಸುಲಭ, ಎಡವಟ್ಟಾಗುವುದು ಜಾಗದಲ್ಲಿ. ರಜೆಯೆಂದು ಯಂತ್ರಗಳ ಬಳಿಯ ವಾಲ್ವುಗಳನ್ನೆಲ್ಲ ಮುಚ್ಚಿಟ್ಟಿದ್ದರೆ ಯಂತ್ರದೊಳಗಿನ ಹೋಸು, ಕಪ್ಲಿಂಗುಗಳ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಯಂತ್ರಗಳು ನಿಂತಿರಬೇಕು, ವಾಲ್ವುಗಳು ತೆರೆದಿರಬೇಕು. ಒಂದೇ ಸುತ್ತಿಗೆ ನಿಲ್ಲಿಸದೆ ನಾಲ್ಕೈದು ಸುತ್ತಿನ ಸರಾಸರಿ ತೆಗೆಯಿರಿ. ಇನ್ನು ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಇರುವ ಸ್ಕ್ರೂ ಕಂಪ್ರೆಸರಿಗೆ ಈ ಸೂತ್ರ ಹೊಂದುವುದೇ ಇಲ್ಲ, ಅದು ವೇಗ ಇಳಿಸಿಕೊಂಡು ಓಡುತ್ತಲೇ ಇರುತ್ತದೆ. ಅಲ್ಲಿ ಫ್ಲೋ ಮೀಟರ್ ಬೇಕು.

ಮೋಟಾರಿನ ಲೋಡ್ ಲೆಕ್ಕವೂ ಅಷ್ಟೇ. 22 ಕಿಲೋವ್ಯಾಟ್ ಮೋಟಾರು, ದಕ್ಷತೆ ಶೇ 92 ಎಂದರೆ ಪೂರ್ಣ ಲೋಡಿಗೆ ಒಳಹೋಗುವುದು 23.9 ಕಿಲೋವ್ಯಾಟ್, ಅಳೆದಾಗ 12 ಬಂದರೆ ಅರ್ಧ ಲೋಡ್. ಬರೀ ಕ್ಲಾಂಪ್ ಮೀಟರಿನ ಆಂಪಿಯರ್ ನೋಡಿ ಲೋಡ್ ಹೇಳುವವರು ಇಲ್ಲಿ ಮೋಸ ಹೋಗುತ್ತಾರೆ. ಲೋಡ್ ಕಡಿಮೆಯಾದಾಗ ಪವರ್ ಫ್ಯಾಕ್ಟರ್ (ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಬೀಳುತ್ತದೆ, ಕರೆಂಟ್ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಎರಡನೆಯ ಪುಸ್ತಕದ ಬಾಯ್ಲರ್ ಅಧ್ಯಾಯ ಗಟ್ಟಿಯಾಗಿದೆ. ಹೊಗೆಯಲ್ಲಿ ಆಮ್ಲಜನಕ ಶೇ 7 ಇದ್ದರೆ, ಉರಿಯಲು ಬೇಕಾದದ್ದನ್ನು ಮೀರಿದ ಹೆಚ್ಚುವರಿ ಗಾಳಿ 7 ÷ (21−7), ಅಂದರೆ ಶೇ 50. ಹೊಗೆಯ ಬಿಸಿ 22 ಡಿಗ್ರಿ ಇಳಿದರೆ ದಕ್ಷತೆ ಸುಮಾರು ಶೇ 1 ಏರುತ್ತದೆ ಎಂಬಂಥ ಅಂದಾಜುಗಳು ಸ್ಥಳದಲ್ಲೇ ಮಾತಾಡಲು ಬಹಳ ಉಪಯೋಗ. ಆದರೆ ತೂತುಬಿದ್ದ ಡಕ್ಟಿನ ಆಚೆ ಪ್ರೋಬ್ ಇಟ್ಟರೆ ಹೊರಗಿನ ಗಾಳಿ ಬೆರೆತು ಆಮ್ಲಜನಕ ಹೆಚ್ಚು ತೋರುತ್ತದೆ, ಬಾಯ್ಲರಿನ ಮೇಲೆ ವೃಥಾ ತಪ್ಪು ಬೀಳುತ್ತದೆ. ಮೊದಲನೆಯ ಪುಸ್ತಕವನ್ನು ಕೊನೆಗೆ ಓದಿದರೂ ನಡೆಯುತ್ತದೆ.

ಈಗ ಕೊರತೆಗಳು. ವಿದ್ಯುತ್ ಬಳಕೆ ಅಳೆದು ದಾಖಲಿಸುವ ಪವರ್ ಅನಲೈಸರನ್ನು ಪ್ಯಾನೆಲ್ಲಿಗೆ ಕಟ್ಟುವುದನ್ನು ಈ ಪುಸ್ತಕಗಳಿಂದ ಕಲಿಯಲಾಗದು. ತಂತಿಗಳಿಗೆ ಹಾಕಿ ಕರೆಂಟ್ ಅಳೆಯುವ ಮೂರು ಸಿಟಿಗಳಲ್ಲಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಒಂದರ ದಿಕ್ಕಿನ ಬಾಣ ತಿರುಗಿದ್ದರೆ ಆ ಫೇಸಿನ ಕಿಲೋವ್ಯಾಟ್ ಮೈನಸ್ ಆಗಿ, 30 ಕಿಲೋವ್ಯಾಟಿನ ಲೋಡು ಒಟ್ಟಿನಲ್ಲಿ 10 ಎಂದು ತೋರುತ್ತದೆ. ಒಂದು ವಾರದ ಲಾಗಿಂಗ್ ಹಾಳಾದ ಮೇಲೆ ಗೊತ್ತಾಗಿ ಏನೂ ಪ್ರಯೋಜನವಿಲ್ಲ. ಬಾಗಿಲು ಮುಚ್ಚುವ ಮುನ್ನ ಮೂರೂ ಫೇಸನ್ನು ಬೇರೆಬೇರೆಯಾಗಿ ನೋಡಿ.

ಇನ್ನೂ ದೊಡ್ಡ ಕೊರತೆ ಬಿಲ್ಲಿನದು. ಎಚ್‌ಟಿ (ಹೈಟೆನ್ಶನ್ ಸಂಪರ್ಕದ) ಬಿಲ್ಲಿನ ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿ ಅದೇ ದರದಲ್ಲಿ ಉಳಿತಾಯ ಕಟ್ಟುವುದು ಹೊಸಬರ ವರದಿಗಳಲ್ಲಿ ಪದೇ ಪದೇ ಕಾಣುವ ತಪ್ಪು. ತಿಂಗಳಿಗೆ 1,00,000 ಯೂನಿಟ್, 9 ಲಕ್ಷ ರೂಪಾಯಿ ಬಿಲ್ ಎಂದಿಟ್ಟುಕೊಳ್ಳಿ. ಸರಾಸರಿ 9 ರೂಪಾಯಿ. ಅದರಲ್ಲಿ ಯೂನಿಟ್ ದರ 7 ರೂಪಾಯಿ, ಉಳಿದದ್ದು ಡಿಮ್ಯಾಂಡ್ ಚಾರ್ಜ್, ಅಂದರೆ ತಿಂಗಳಲ್ಲಿ ಎಳೆದ ಗರಿಷ್ಠ ಲೋಡಿಗೆ ಕಟ್ಟುವ ಹಣ. 10,000 ಯೂನಿಟ್ ಉಳಿದರೆ ಕೈಗೆ ಬರುವುದು 70,000, ಕಾಗದದ ಮೇಲಿನ 90,000 ಅಲ್ಲ. 12.6 ಲಕ್ಷ ಹೂಡಿಕೆ 14 ತಿಂಗಳಲ್ಲಿ ವಾಪಸ್ ಎಂದು ಬರೆದದ್ದು 18 ತಿಂಗಳಾಗುತ್ತದೆ. ಡಿಮ್ಯಾಂಡ್ ಇಳಿದರೂ ಕಾಂಟ್ರ್ಯಾಕ್ಟ್ ಡಿಮ್ಯಾಂಡಿನ (ವಿದ್ಯುತ್ ಕಂಪನಿಯೊಂದಿಗೆ ಒಪ್ಪಂದವಾದ ಲೋಡಿನ) ಕನಿಷ್ಠ ಪಾಲಿಗೆ ಕಟ್ಟಲೇಬೇಕು. ಮಾಲೀಕರ ನಂಬಿಕೆ ಮುರಿಯುವುದು ಇಂಥ ಜಾಗದಲ್ಲೇ.

ಕಾರ್ಬನ್ ಕೆಲಸಕ್ಕೆ ಇವಷ್ಟೇ ಸಾಲವು. ಗ್ರಿಡ್ ವಿದ್ಯುತ್ತಿನ ಗುಣಾಂಕ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಅದನ್ನು ಹಳೆಯ ಉದಾಹರಣೆಗಳಿಂದ ಎತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಇತ್ತೀಚಿನ ದತ್ತಾಂಶದಿಂದ ತೆಗೆದುಕೊಂಡು, ಯಾವ ವರ್ಷದ್ದು ಎಂದು ವರದಿಯಲ್ಲೇ ಬರೆಯಿರಿ. ಸ್ಕೋಪ್ 1, 2, 3 (ಕಂಪನಿಯ ನೇರ ಹೊರಸೂಸುವಿಕೆ, ಕೊಂಡ ವಿದ್ಯುತ್ತಿನದು, ಉಳಿದ ಪರೋಕ್ಷವಾದದ್ದು) ವಿಂಗಡಣೆಗೆ ಹಸಿರುಮನೆ ಅನಿಲಗಳ ಲೆಕ್ಕದ ಮಾನದಂಡವಾದ ಜಿಎಚ್‌ಜಿ ಪ್ರೋಟೊಕಾಲ್ ಬೇರೆಯಾಗಿ ಓದಬೇಕು. 2023ರಲ್ಲಿ ಅಧಿಸೂಚನೆಯಾದ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಯೋಜನೆಯ ಮೂಲ ಪಠ್ಯವನ್ನೂ ಜೊತೆಗಿಟ್ಟುಕೊಳ್ಳಿ.

ಭಾಷೆ ಇಂಗ್ಲಿಷ್ ಮಾತ್ರ. ಕನ್ನಡ ಮಾಧ್ಯಮದಿಂದ ಡಿಪ್ಲೊಮಾಕ್ಕೆ ಬಂದವರಿಗೆ ಮೊದಲ ಐವತ್ತು ಪುಟ ಭಾರವೆನಿಸಬಹುದು. ಅವರು ಮೂರನೆಯ ಪುಸ್ತಕದ ಬಿಡಿಸಿದ ಲೆಕ್ಕಗಳಿಂದ ಶುರುಮಾಡಲಿ. ಸಂಖ್ಯೆ ಹಿಡಿತಕ್ಕೆ ಸಿಕ್ಕರೆ ವಾಕ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ. ನಾಲ್ಕನೆಯದನ್ನು ಮುದ್ರಿಸಿ ಬೈಂಡ್ ಮಾಡಿಸಿ, ಸೂತ್ರಗಳ ಪುಟಗಳಿಗೆ ಚೀಟಿ ಅಂಟಿಸಿಟ್ಟುಕೊಳ್ಳಿ. ಪರೀಕ್ಷೆಗೆ ಬೇಕಾದದ್ದು ಅದೇ ಪ್ರತಿ, ಸೈಟಿಗೆ ಬ್ಯಾಗಿನಲ್ಲಿ ಒಯ್ಯುವುದೂ ಅದನ್ನೇ.