ಫೋಟೋ ಸರಿ, ಹಿಂಬದಿಗೆ ಯಾಕ್ರೀ ಸ್ಟಿಕರ್?

ಹಳೆಯ ಫೋಟೋಗಳನ್ನು ಕಟ್ಟುಕಟ್ಟಾಗಿ ಆನ್‌ಲೈನ್‌ನಲ್ಲಿ ಮಾರುವವರು ಇದ್ದಾರೆ. ಯಾರದೋ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು, ಹಳೇ ಪುಸ್ತಕದ ನಡುವೆ ಉಳಿದಿದ್ದು, ಆಲ್ಬಮ್ಮಿನಿಂದ ಕಿತ್ತಿದ್ದು, ಎಲ್ಲಾ ಸೇರಿ ಒಂದು ಕಟ್ಟು. ನಾನು ತರಿಸಿದ್ದರಲ್ಲಿ 60 ಫೋಟೋ. 'ಹಿಂದೆ ಕೈಬರಹ ಇರುವವು ಮಾತ್ರ' ಅಂತ ಹಾಕಿದ್ದರು, ಅದನ್ನು ನೋಡಿಯೇ ನಾನು ಬಿದ್ದಿದ್ದು. ಮಾರಿದವರ ಹೆಸರು ಹೇಳಲ್ಲ. ಹೇಳಿದರೆ ಜಗಳ ಆದೀತು, ಮತ್ತೆ ಅವರ ಹತ್ತಿರವೇ ಕೊಳ್ಳುವ ಆಸೆಯೂ ಇದೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. 60 ಅಂದರೆ 60 ಇದ್ದವು. ಎಲ್ಲದರ ಹಿಂದೆಯೂ ಏನಾದರೊಂದು ಬರಹ ಇತ್ತು. ಅರ್ಧಕ್ಕರ್ಧ ಬರೀ ತಾರೀಕು, ಇಲ್ಲಾ 'ನಾನು, ಅಕ್ಕ' ಅಷ್ಟೇ. ಈ 'ನಾನು' ಇದೆಯಲ್ಲ, ಅದು ತಲೆ ಕೆಡಿಸುತ್ತದೆ. ಹತ್ತು ಜನ ಸಾಲಾಗಿ ನಿಂತಿದ್ದಾರೆ, ಹಿಂದೆ 'ಎಡದಿಂದ ಎರಡನೆಯವನು ನಾನು' ಅಂತ ಬರೆದಿದೆ. ಯಾರಪ್ಪಾ ನೀನು? ತನ್ನ ಗುರುತೇ ಇಲ್ಲದವರ ಕೈಗೆ ಈ ಫೋಟೋ ಹೋಗಬಹುದು ಅಂತ ಪುಣ್ಯಾತ್ಮನಿಗೆ ಹೊಳೆದೇ ಇಲ್ಲ.

ಒಂದು ಫೋಟೋಗೆ ಮಾತ್ರ ಇಡೀ ಕಟ್ಟಿನ ದುಡ್ಡು ವಸೂಲಾಯಿತು. ನಾಲ್ಕು ಹೆಂಗಸರು ಮೆಟ್ಟಿಲ ಮೇಲೆ ಕೂತಿದ್ದಾರೆ. ಹಿಂದೆ ನೀಲಿ ಶಾಯಿಯಲ್ಲಿ, ಗುಂಡಗಿನ ಅಕ್ಷರದಲ್ಲಿ, 'ಅಕ್ಕನ ಮನೆ, 1951'. ಅದರ ಕೆಳಗೆ ಪೆನ್ಸಿಲಿನಲ್ಲಿ ಬೇರೆಯವರ ಕೈ: '1951 ಅಲ್ಲ. ಆಗ ಮಗು ಹುಟ್ಟಿರಲಿಲ್ಲ.' ತಿರುಗಿಸಿ ನೋಡಿದೆ. ಮಗು ಎಲ್ಲಿದೆ? ಭೂತಗನ್ನಡಿ ಹಿಡಿದು ಹುಡುಕಿದೆ. ಮೂರನೆಯವರ ಮಡಿಲಲ್ಲಿ ಬಟ್ಟೆ ಗಂಟು ಅಂದುಕೊಂಡಿದ್ದೆನಲ್ಲ, ಅದೇ ಮಗು. ಮತ್ತೆ ಹಿಂದೆ ನೋಡಿದರೆ ಮೂಲೆಯಲ್ಲಿ, ಮೊದಲಿನ ನೀಲಿ ಶಾಯಿಯಲ್ಲೇ, 'ಸರಿ, 1953.' ಆ ಕೊನೆಯ ಚುಕ್ಕೆ ಇಡುವಾಗ ನಿಬ್ಬು ಕಾಗದಕ್ಕೆ ಚುಚ್ಚಿದೆ. ಸೋತವರಿಗೆ ಎಷ್ಟು ಸಿಟ್ಟು ಬಂದಿತ್ತು ನೋಡಿ.

ಈಗ ದೂರು. ಮಾರಿದವರು ಪ್ರತಿ ಫೋಟೋದ ಹಿಂದೆ ದುಂಡಗಿನ ಬಿಳಿ ಸ್ಟಿಕರ್ ಅಂಟಿಸಿ 1ರಿಂದ 60ರವರೆಗೆ ನಂಬರ್ ಹಾಕಿದ್ದಾರೆ. ಖಾಲಿ ಜಾಗ ನೋಡಿ ಅಂಟಿಸಿದ್ದರೆ ಸುಮ್ನೆ ಇರುತ್ತಿದ್ದೆ. ಹನ್ನೊಂದು ಫೋಟೋಗಳಲ್ಲಿ ಸ್ಟಿಕರ್ ಬರಹದ ಮೇಲೆಯೇ ಕೂತಿದೆ! ಬರಹಕ್ಕೆ ಅಂತ ಕಾಸು ತಗೊಂಡು ಬರಹದ ಮೇಲೆಯೇ ಅಂಟು ಹಚ್ಚುವುದು ಯಾವ ನ್ಯಾಯ? ಕೇಳಿದರೆ ನಂಬರ್ ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಅಂದರು. ಫೋಟೋವನ್ನು ಒಂದು ಕವರಿಗೆ ಹಾಕಿ, ಕವರಿನ ಮೇಲೆ ನಂಬರ್ ಬರೆದರೆ ಮುಗಿಯಿತಲ್ವಾ?

ಪ್ಯಾಕಿಂಗ್ ಕೂಡ ಸರಿಯಿಲ್ಲ. ನಡುವೆ ಕಾಗದ ಇಡದೆ, ಒಂದರ ಮುಖಕ್ಕೆ ಇನ್ನೊಂದರ ಬೆನ್ನು ಒತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. 1970ರ ದಶಕದಿಂದ ಈಚೆಗೆ ಎಲ್ಲೆಡೆ ಬಂದ ಪ್ಲಾಸ್ಟಿಕ್ ಲೇಪದ ಫೋಟೋ ಕಾಗದಕ್ಕೆ ಇದು ಆಗಿಬರಲ್ಲ. ಅದರ ಹಿಂಬದಿ ಶಾಯಿಯನ್ನು ಹೀರುವುದಿಲ್ಲ. ಬಾಲ್ ಪೆನ್ನಿನಲ್ಲಿ ಬರೆದಿದ್ದು ಕೆಲವು ಸಲ ಸರಿಯಾಗಿ ಒಣಗುವುದೇ ಇಲ್ಲ, ಪಕ್ಕದ ಫೋಟೋದ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ನನ್ನ ಕಟ್ಟಿನಲ್ಲಿ ಒಬ್ಬಾಕೆಯ ಹಣೆಯ ಮೇಲೆ ಮಸುಕು ನೀಲಿ ಗೆರೆಗಳಿವೆ. ಕನ್ನಡಿ ಹಿಡಿದಾಗ 'ಮದುವೆಯ ಮರುದಿನ' ಅಂತ ಓದಲು ಬಂತು. ಹಾಗಾದರೆ ಈ ಬರಹದ ಫೋಟೋ ಯಾವುದು? ಎಲ್ಲವನ್ನೂ ನೆಲಕ್ಕೆ ಹರಡಿ ಹುಡುಕಿದೆ, 52ನೇದು ಸಿಕ್ಕಿತು. ಈಕೆಯ ನಂಬರ್ 8. ಮಾರಿದವರು ದೂರ ದೂರ ನಂಬರ್ ಕೊಟ್ಟಿದ್ದರೂ ಈ ಎರಡು ಯಾವುದೋ ಡಬ್ಬಿಯಲ್ಲಿ ಎಷ್ಟೋ ಕಾಲ ಒಂದರ ಮೇಲೊಂದು ಮಲಗಿದ್ದವು. ಹಾಳಾಗಿದ್ದರಿಂದಲೇ ಗೊತ್ತಾಯಿತು, ಅದಕ್ಕೆ ಬೈಯಲೂ ಮನಸ್ಸು ಬರಲಿಲ್ಲ.

ಬರಹ ಅಸಲಿಯೋ ನಕಲಿಯೋ ಅಂತ ಕೇಳುತ್ತೀರಿ. ಸ್ವಲ್ಪ ಪರೀಕ್ಷೆ ಮಾಡಿದೆ. ಫೋಟೋ ಕಾಗದಕ್ಕೆ ಬೆಳ್ಳಗೆ ಕಾಣುವ ರಾಸಾಯನಿಕ ಸೇರಿಸಲು ಶುರುಮಾಡಿದ್ದು ಸುಮಾರು 1950ರ ಹೊತ್ತಿಗೆ. ಅಂಥ ಕಾಗದ ಯುವಿ (ಅತಿನೇರಳೆ ಬೆಳಕಿನ) ಟಾರ್ಚಿನಡಿ ನೀಲಿಯಾಗಿ ಹೊಳೆಯುತ್ತದೆ. ನನ್ನಲ್ಲಿ '1932' ಅಂತ ಬರೆದ ಒಂದು ಫೋಟೋ ಫಳಫಳ ಹೊಳೆಯಿತು. ಬರೆದದ್ದೂ ಬಾಲ್ ಪೆನ್ನಿನಲ್ಲಿ. ಬಾಲ್ ಪೆನ್ ಅಂಗಡಿಗಳಲ್ಲಿ ಜೋರಾಗಿ ಮಾರಾಟ ಆಗಲು ಶುರುವಾಗಿದ್ದೇ 1945ರಿಂದ ಈಚೆಗೆ. ಮೋಸ ಅಂತ ಹಾರಾಡಬೇಡಿ. ಹಳೆಯ ನೆಗೆಟಿವ್‌ನಿಂದ ಎಷ್ಟೋ ವರ್ಷದ ಮೇಲೆ ಇನ್ನೊಂದು ಪ್ರಿಂಟ್ ಹಾಕಿಸಿ, ಮನೆಯ ಹಿರಿಯರು ನೆನಪು ಮಾಡಿಕೊಂಡು ಬರೆದಿರಬಹುದು. ಆದರೆ ಇನ್ನೆರಡು ಫೋಟೋಗಳ ಹಿಂದೆ ಹೊಳೆಯುವ ಜೆಲ್ ಪೆನ್ನಿನಲ್ಲಿ ಪ್ರೇಮದ ಸಾಲುಗಳಿವೆ. ಎರಡೂ ಒಂದೇ ಕೈ, ಫೋಟೋಗಳು ಮಾತ್ರ ಬೇರೆ ಬೇರೆ ಕಾಲದವು. ಜೆಲ್ ಪೆನ್ ಬಂದಿದ್ದು 1984ರಲ್ಲಿ. ಇವನ್ನು ನಾನು ನಂಬಲ್ಲ. ನಿಜವಾದ ಬರಹ ಅಷ್ಟು ಸಿಹಿಯಾಗಿ ಇರುವುದೂ ಇಲ್ಲ. 'ಛತ್ರಿ ವಾಪಸ್ ಕೊಟ್ಟಿಲ್ಲ' ಅಂತಿರುತ್ತದೆ. ಸುಳ್ಳಲ್ಲ, 19ನೇ ಫೋಟೋದ ಹಿಂದೆ ಇರುವುದೇ ಅದು.

ಇನ್ನೊಂದು ಮಾತು, ಮಾರುವವರಿಗೂ ಕೇಳಿಸಲಿ. ಕೊಡಾಕ್ ಕಂಪನಿ 1914ರಲ್ಲಿ ಒಂದು ಬಗೆಯ ಕ್ಯಾಮೆರಾ ತಂದಿತ್ತು. ಅದರ ಬೆನ್ನಿಗೆ ಪುಟ್ಟ ಬಾಗಿಲು. ಅದನ್ನು ತೆಗೆದು, ಕಡ್ಡಿಯಂಥ ಲೋಹದ ಪೆನ್ನಿನಿಂದ ಫಿಲಂ ಹಿಂದಿನ ಕಾಗದದ ಮೇಲೆ ತಾರೀಕು, ಊರು ಬರೆದರೆ ಅದು ಫಿಲಂನಲ್ಲೇ ಮೂಡುತ್ತಿತ್ತು. 1930ರ ದಶಕದ ಆರಂಭದವರೆಗೂ ಇಂಥವನ್ನು ಮಾರಿದರು. ಒಂದು ಸಾಲು ಬರೆಯಲಿ ಅಂತ ಕ್ಯಾಮೆರಾಕ್ಕೇ ಬಾಗಿಲು ಕೊರೆದರು ಅವರು. ಇವರಿಗೆ ಆ ಸಾಲನ್ನು ಬಿಟ್ಟು ಪಕ್ಕಕ್ಕೆ ಸ್ಟಿಕರ್ ಅಂಟಿಸಲು ಆಗಲಿಲ್ಲ.

ಕೊಳ್ಳುವುದಾದರೆ ಎರಡೂ ಬದಿಯ ಚಿತ್ರ ಮೊದಲೇ ಕೇಳಿ ತರಿಸಿಕೊಳ್ಳಿ. ಬಂದ ಮೇಲೆ ನೀವೂ ಎರಡೂ ಬದಿ ಸ್ಕ್ಯಾನ್ ಮಾಡಿ. ಪೆನ್ಸಿಲ್ ಬರಹ ಮಾಸಿದ್ದರೆ ಟಾರ್ಚನ್ನು ಪಕ್ಕದಿಂದ, ತೀರಾ ಓರೆಯಾಗಿ ಬಿಡಿ. ಒತ್ತಿದ ಗುರುತು ನೆರಳಾಗಿ ಎದ್ದು ಬರುತ್ತದೆ. ನೀವು ಏನಾದರೂ ಬರೆಯಲೇಬೇಕಾದರೆ ಹಳೆಯ ಕಾಗದದ ಫೋಟೋ ಮೇಲೆ ಮೆತ್ತನೆಯ ಪೆನ್ಸಿಲ್, ಅಂಚಿನಲ್ಲಿ, ಹಗುರವಾಗಿ.

ಐದಕ್ಕೆ ಮೂರು ಕೊಡುತ್ತೇನೆ. ಸ್ಟಿಕರ್ ಇಲ್ಲದಿದ್ದರೆ ನಾಲ್ಕೂವರೆ. ವಾಪಸ್ ಕಳಿಸಿ, ದುಡ್ಡು ಕೊಡುತ್ತೇವೆ ಅಂತ ಅವರು ಮರ್ಯಾದೆಯಿಂದಲೇ ಹೇಳಿದರು. ಕಳಿಸಲಿಲ್ಲ, 37ನೇದನ್ನು ಬಿಟ್ಟುಕೊಡಲು ಆಗಲಿಲ್ಲ. ಹುಡುಗನೊಬ್ಬ ಸೈಕಲ್ ಹಿಡಿದು ನಿಂತಿದ್ದಾನೆ. ಹಿಂದೆ 'ಇದು ತೆಗೆದ ಸಂಜೆಯೇ ಇವನು' ಅಂತ ಶುರುವಾಗುತ್ತದೆ, ಮುಂದೆ ಸ್ಟಿಕರ್. ನೀರು ತಾಗಿಸಿದರೆ ಫೋಟೋ ಹಾಳು. ಹೇರ್ ಡ್ರೈಯರ್‌ನಿಂದ ಸಣ್ಣಗೆ ಬಿಸಿ ಮಾಡಿ ಒಂದು ಅಂಚು ಎಬ್ಬಿಸಿದೆ, ಕಾಗದದ ನಾರೂ ಜೊತೆಗೆ ಏಳಲು ಶುರುವಾಯಿತು, ಹೆದರಿ ಬಿಟ್ಟೆ. ಸ್ಟಿಕರಿನ ಆಚೆ ಕಡೆ ಕೊನೆಯ ಪದ ಮಾತ್ರ ಕಾಣುತ್ತದೆ: 'ನಕ್ಕಿದ್ದು'.