ಕ್ಲಚ್ ಬಾಸ್ಕೆಟ್ ಬದಲಿಸಿ ವರ್ಷ ದಾಟಿತು: ಗಾಡಿ ಈಗ ನಿಂತಲ್ಲೇ ನಿಲ್ಲುತ್ತದೆ

ಪ್ಲೇಟುಗಳೆಲ್ಲ ಕೂರುವ ಬುಟ್ಟಿಯಂಥ ಕ್ಲಚ್ ಬಾಸ್ಕೆಟ್, ಕ್ಲಚ್ ಪ್ಲೇಟುಗಳ ನಡುನಡುವೆ ಕೂರುವ ಸ್ಟೀಲ್ ಪ್ಲೇಟ್ ಸೆಟ್, ಕ್ಲಚ್ ವೈರ್. ಮೂರನ್ನೂ ಕಂಪನಿ ಪಾರ್ಟ್ಸೇ ತರಿಸಿ ಹಾಕಿಸಿ ವರ್ಷದ ಮೇಲಾಯಿತು. ನನ್ನದು 200 ಸಿಸಿ ಆಫ್‌ರೋಡ್ ಗಾಡಿ, ವೈರ್ ಕ್ಲಚ್. ದಿನದ ಓಡಾಟ ಹುಬ್ಬಳ್ಳಿ-ಧಾರವಾಡದ ನಡುವೆ. ರಜೆ ಸಿಕ್ಕರೆ ಕಲಘಟಗಿ, ಅಳ್ನಾವರ ಕಡೆಯ ಕೆಂಪು ಮಣ್ಣಿನ ದಾರಿ, ಇಲ್ಲಾ ಅಣ್ಣಿಗೇರಿ, ನವಲಗುಂದದ ಎರೆ ಹೊಲಗಳ ದಾರಿ. ಹಾಕಿದ ದುಡ್ಡಿಗೆ ಮೋಸವಾಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬಾಸ್ಕೆಟ್‌ವರೆಗೂ ಯಾಕೆ ಹೋಗಬೇಕಾಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಬಹಳ ಜನ ಕ್ಲಚ್ ಪ್ಲೇಟ್ ಬದಲಿಸಿ ಅಲ್ಲಿಗೇ ಕೈಬಿಡುತ್ತಾರೆ.

ತೊಂದರೆ ಹೀಗಿತ್ತು. ಕ್ಲಚ್ ಪೂರ್ತಿ ಹಿಡಿದರೂ ಫಸ್ಟ್ ಗೇರಿನಲ್ಲಿ ಗಾಡಿ ಮುಂದಕ್ಕೆ ಎಳೆಯುತ್ತಿತ್ತು. ಚನ್ನಮ್ಮ ಸರ್ಕಲ್‌ನಲ್ಲಿ ನಿಂತರೆ ಬ್ರೇಕ್ ಒತ್ತಿ ಹಿಡಿಯಬೇಕು, ಬಿಟ್ಟರೆ ಮುಂದಿನ ಆಟೋಗೆ ತಾಗುತ್ತದೆ. ನ್ಯೂಟ್ರಲ್ ಬೀಳುತ್ತಿರಲಿಲ್ಲ. ಎಂಜಿನ್ ಆಫ್ ಮಾಡಿದ ಕೂಡಲೇ ಆರಾಮಾಗಿ ಬೀಳುತ್ತಿತ್ತು. ನ್ಯೂಟ್ರಲ್‌ನಿಂದ ಫಸ್ಟ್‌ಗೆ ಹಾಕಿದರೆ ಟಕ್ ಅಂತ ದೊಡ್ಡ ಹೊಡೆತ. ಇದು ಕ್ಲಚ್ ಡ್ರ್ಯಾಗ್, ಸ್ಲಿಪ್ ಅಲ್ಲ. ಸ್ಲಿಪ್ ಆದರೆ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಡ್ರ್ಯಾಗ್ ಅದರ ಉಲ್ಟಾ, ಬಿಡಬೇಕಾದಾಗ ಬಿಡುವುದಿಲ್ಲ. ಸವೆದ ಕ್ಲಚ್ ಪ್ಲೇಟ್ ಸಾಮಾನ್ಯವಾಗಿ ಸ್ಲಿಪ್ ತರುತ್ತದೆ, ಡ್ರ್ಯಾಗ್ ಅಲ್ಲ. ಆದರೂ ನಾನು ಮೊದಲು ಹೋದ ಗ್ಯಾರೇಜಿನಲ್ಲಿ ಬರೀ ಕ್ಲಚ್ ಪ್ಲೇಟ್ ಹಾಕಿ ಕಳಿಸಿದರು. ಕೆಲವು ವಾರಗಳಲ್ಲೇ ಮತ್ತೆ ಅದೇ ಕಥೆ.

ಎರೆ ಮಣ್ಣಿನಲ್ಲಿ ಓಡಿಸುವವರಿಗೆ ಇದು ಬೇಗ ಬರುತ್ತದೆ. ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ರಾಡಿ ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ಕೆಳಗೆ ಗಟ್ಟಿಯಾಗಿ ತುಂಬುತ್ತದೆ. ಚಕ್ರವೇ ತಿರುಗುವುದಿಲ್ಲ. ಆಗ ಕ್ಲಚ್ ಅರ್ಧ ಹಿಡಿದು ಎಂಜಿನ್ ಏರಿಸಿ ಗಾಡಿ ಎಳೆಸುತ್ತೇವೆ, ಅಲ್ವಾ? ಅಷ್ಟೂ ಹೊತ್ತು ಒಳಗೆ ಪ್ಲೇಟಿಗೆ ಪ್ಲೇಟು ಉಜ್ಜಿ ಕಾಯುತ್ತಿರುತ್ತದೆ. ಕಾದ ಸ್ಟೀಲ್ ಪ್ಲೇಟ್ ಸೊಟ್ಟಗಾಗುತ್ತದೆ. ಅಳ್ನಾವರದ ಕೆಂಪು ಮಣ್ಣಿನಲ್ಲಿ ಇಷ್ಟು ತ್ರಾಸ ಇಲ್ಲ. ಅಲ್ಲಿ ಧೂಳು ವೈರಿನೊಳಗೆ ಹೋಗುವುದೇ ಜಾಸ್ತಿ.

ಎಂಜಿನ್ ಬಿಚ್ಚಿಸುವ ಮುಂಚೆ ಮನೆಯಲ್ಲೇ ನೋಡಬಹುದಾದದ್ದು ಕೆಲವು ಇವೆ. ಲಿವರ್ ತುದಿಯಲ್ಲಿ ಫ್ರೀ ಪ್ಲೇ, ಅಂದರೆ ವೈರ್ ಬಿಗಿಯಾಗುವ ಮುಂಚಿನ ಸಡಿಲು, ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಇರಬೇಕು, ನಿಮ್ಮ ಗಾಡಿಯ ಮ್ಯಾನುವಲ್ ನೋಡಿಕೊಳ್ಳಿ. ಜಾಸ್ತಿ ಇದ್ದರೆ ಲಿವರ್ ಎಳೆದದ್ದು ಪೂರ್ತಿ ಒಳಗೆ ಮುಟ್ಟುವುದಿಲ್ಲ, ಡ್ರ್ಯಾಗ್ ಬರುತ್ತದೆ. ಪೂರ್ತಿ ಬಿಗಿ ಮಾಡಿದರೆ ಸ್ಲಿಪ್ ಶುರುವಾಗುತ್ತದೆ. ವೈರಿನ ಎಳೆ ಲಿವರ್ ಹತ್ತಿರದ ಗುಂಡಿನ ಬುಡದಲ್ಲೇ ಮೊದಲು ಕಿತ್ತುಕೊಳ್ಳುತ್ತದೆ, ಟಾರ್ಚ್ ಹಾಕಿ ನೋಡಿ. ಆಮೇಲೆ ಬಿಸಿ-ತಣ್ಣಗಿನ ಲೆಕ್ಕ. ಚಳಿಗಾಲದ ಬೆಳಿಗ್ಗೆ ಎಳೆದು, ಎಂಜಿನ್ ಬಿಸಿಯಾದ ಮೇಲೆ ಸರಿಹೋದರೆ ಆಯಿಲ್ ದಪ್ಪ ಆಗಿದೆ ಅಂತ ಅನುಮಾನ ಪಡಿ. 10W-30 ಕೇಳುವ ಗಾಡಿಗೆ ಅದಕ್ಕಿಂತ ದಪ್ಪನೆಯ 20W-50 ಹಾಕಿದರೆ ಹೀಗಾಗಬಹುದು. ಬಿಸಿಯಾದಷ್ಟೂ ಜಾಸ್ತಿ ಎಳೆದರೆ ಸ್ಟೀಲ್ ಪ್ಲೇಟ್ ಕಡೆ ನೋಡಿ. ನನ್ನ ಗಾಡಿ ಬಿಸಿಯಲ್ಲೇ ಎಳೆಯುತ್ತಿತ್ತು.

ಕೊನೆಗೆ ಗೋಕುಲ ರಸ್ತೆ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಹೋದೆ. ಸೈಡ್ ಕವರ್ ತೆಗೆದು ಪ್ಲೇಟುಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಸ್ಟೀಲ್ ಪ್ಲೇಟುಗಳ ಮೇಲೆ ನೀಲಿ ಕಲೆ, ಅದು ಕಾಯ್ದ ಗುರುತು. ದಪ್ಪ ಗಾಜಿನ ಮೇಲಿಟ್ಟು ಬೆರಳಿನಿಂದ ಒಂದು ಅಂಚು ಒತ್ತಿದರೆ ಇನ್ನೊಂದು ಅಂಚು ಟಿಕ್ ಟಿಕ್ ಅನ್ನುತ್ತಿತ್ತು. ಅಡಿಯಲ್ಲಿ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ ತೋರಿಸಿದರು. ಬಹಳಷ್ಟು ಗಾಡಿಗಳಲ್ಲಿ ಸೊಟ್ಟಿನ ಮಿತಿ 0.1ರಿಂದ 0.3 ಮಿ.ಮೀ. ಒಳಗೇ ಇರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಬಾಸ್ಕೆಟ್‌ನ ಸುತ್ತ ಬೆರಳಿನಂತೆ ಚಾಚಿದ ಪಟ್ಟಿಗಳಿವೆ. ಆಮೇಲೆ ನನ್ನ ಉಗುರನ್ನು ಅಂಥ ಒಂದು ಬೆರಳಿನ ಮೇಲೆ ಎಳೆಸಿದರು. ಕಡ ಕಡ ಅಂತ ಸಿಕ್ಕಿಹಾಕಿಕೊಂಡಿತು.

"ಪ್ಲೇಟ್ ಎಲ್ಲಾರೂ ಹಾಕ್ತಾರ್ರಿ. ಪ್ಲೇಟ್ ಸರಿಯೋ ಜಾಗ ಯಾರೂ ನೋಡೂದಿಲ್ಲ" ಅಂದರು.

ಅವರು ಹೇಳಿದ್ದು ಪೂರ್ತಿ ಸರಿ. ಬಾಸ್ಕೆಟ್ ಅಲ್ಯೂಮಿನಿಯಂದು. ಕ್ಲಚ್ ಪ್ಲೇಟಿನ ಅಂಚಿನಲ್ಲಿ ಹೊರಚಾಚಿದ ಕಿವಿಗಳು ಅದರ ಬೆರಳುಗಳ ನಡುವೆ ಕೂರುತ್ತವೆ. ಗ್ಯಾಸ್ ಕೊಟ್ಟಾಗ, ಬಿಟ್ಟಾಗ, ಪ್ರತಿ ಸಲ ಆ ಕಿವಿ ಬೆರಳಿಗೆ ಬಡಿಯುತ್ತದೆ. ಬಾವಿ ಕಟ್ಟೆಯ ಕಲ್ಲಿನಲ್ಲಿ ಹಗ್ಗ ಗೆರೆ ಕೊರೆಯುತ್ತದಲ್ಲ, ಹಾಗೆ ನಿಧಾನಕ್ಕೆ ಗುಂಡಿ ಬೀಳುತ್ತದೆ. ಕ್ಲಚ್ ಹಿಡಿದಾಗ ಪ್ಲೇಟುಗಳು ಹೊರಗೆ ಸರಿದು ಒಂದಕ್ಕೊಂದು ಬಿಡಬೇಕು. ಕಿವಿ ಗುಂಡಿಯಲ್ಲಿ ಸಿಕ್ಕಿಕೊಂಡರೆ ಸರಿಯುವುದಾದರೂ ಹೇಗೆ? ಹೊಸ ಪ್ಲೇಟ್ ಹಾಕಿದರೂ ಅದೂ ಅದೇ ಗುಂಡಿಯಲ್ಲೇ ಕೂರುತ್ತದೆ.

ಗುಂಡಿ ಸಣ್ಣದಿದ್ದರೆ ಚಪ್ಪಟೆ ಅರದಿಂದ ಉಜ್ಜಿ ನುಣುಪು ಮಾಡಬಹುದು. ಬಾಸ್ಕೆಟ್ ಹೊರಗೆ ತೆಗೆದೇ ಉಜ್ಜಬೇಕು, ಅಲ್ಯೂಮಿನಿಯಂ ಪುಡಿ ಎಂಜಿನ್ ಒಳಗೆ ಹೋಗಬಾರದು. ಆದರೆ ಉಜ್ಜಿದಷ್ಟೂ ಕಿವಿಗೂ ಬೆರಳಿಗೂ ನಡುವೆ ಸಂದು ಜಾಸ್ತಿಯಾಗುತ್ತದೆ, ಬಡಿತವೂ ಜಾಸ್ತಿ. ನನ್ನದರಲ್ಲಿ ಗುಂಡಿ ಆಳ ಇತ್ತು. ಹೊಸದು ತರಿಸುವುದೇ ಒಳ್ಳೇದು ಅಂದರು, ತರಿಸಿದೆ. ಕ್ಲಚ್ ಪ್ಲೇಟ್ ವರ್ನಿಯರ್‌ನಲ್ಲಿ ಅಳೆದಾಗ ದಪ್ಪ ಸರಿ ಇತ್ತು, ಅವನ್ನೇ ಮತ್ತೆ ಹಾಕಿದೆವು. ಹೊಸ ಪ್ಲೇಟ್ ಹಾಕುವವರು ಮಾತ್ರ ಹಿಂದಿನ ರಾತ್ರಿಯೇ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ಒಣಗಿದ್ದನ್ನೇ ಹಾಕಿದರೆ ಶುರುವಿನಲ್ಲೇ ಕಾದು ಅಂಟುತ್ತವೆ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರು-ಬದುರು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಇಲ್ಲದಿದ್ದರೆ ಪ್ಲೇಟುಗಳನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಓರೆಯಾಗಿ ಏಳುತ್ತದೆ. ಆಯಿಲ್ ಡಬ್ಬಿಯ ಮೇಲೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) MA ಅಥವಾ MA2 ಅಂತ ಇರಲಿ, MB ಬೇಡ. ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುವ ಕ್ಲಚ್ ಅದರಿಂದ ಸ್ಲಿಪ್ ಆಗಬಹುದು.

ಈಗ ಹೇಗಿದೆ? ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು ಫಸ್ಟ್ ಗೇರ್ ಹಾಕಿ, ಕ್ಲಚ್ ಹಿಡಿದರೆ ಚಕ್ರ ಸುಮ್ನೆ ನಿಧಾನಕ್ಕೆ ತಿರುಗುತ್ತದೆ. ಆಯಿಲ್ ಇರುವ ಕ್ಲಚ್‌ನಲ್ಲಿ ಅಷ್ಟು ಸಹಜ. ಬ್ರೇಕ್ ಹಗುರಾಗಿ ಮುಟ್ಟಿದರೆ ಚಕ್ರ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಮೊದಲು ಎಂಜಿನ್ನೇ ಆಫ್ ಆಗುತ್ತಿತ್ತು. ಚಿಗರಿ ಬಸ್ಸಿನ ದಾರಿ ಪಕ್ಕದ ಟ್ರಾಫಿಕ್‌ನಲ್ಲಿ ಉಣಕಲ್‌ವರೆಗೆ ತೆವಳಿದರೂ ಎಡಗೈ ನೋಯುವುದಿಲ್ಲ. ಬೆಣ್ಣಿಹಳ್ಳದ ಆಚೀಚೆಯ ಎರೆ ದಾರಿಯಲ್ಲಿ ಮಳೆಗಾಲ ಪೂರ್ತಿ ಓಡಿಸಿದೆ. ರಾಡಿಯಲ್ಲಿ ಸಿಕ್ಕಾಗ ಈಗ ಅರ್ಧ ಕ್ಲಚ್‌ನಲ್ಲಿ ಎಳೆಸುವುದಿಲ್ಲ, ಇಳಿದು ಕೋಲಿನಿಂದ ಮಣ್ಣು ಕೆದರುತ್ತೇನೆ. ಗದಗ ಕಡೆ ಹೋದರೆ ಕಪ್ಪತಗುಡ್ಡದ ಹೊರಗಿನ ಡಾಂಬರ್ ರಸ್ತೆಯಲ್ಲೇ. 2019ರಿಂದ ಅದು ವನ್ಯಜೀವಿಧಾಮ, ಗುಡ್ಡದೊಳಗೆ ಗಾಡಿ ನುಗ್ಗಿಸುವುದು ಬೇಡವೇ ಬೇಡ.

ಮೊನ್ನೆ ಸರ್ವಿಸ್‌ನಲ್ಲಿ ಕವರ್ ತೆಗೆಸಿ ನೋಡಿದೆ. ಬಾಸ್ಕೆಟ್ ಬೆರಳುಗಳ ಮೇಲೆ ಕಿವಿ ತಾಗುವ ಕಡೆ ಹೊಳಪು ಗೆರೆ ಇದೆ, ಉಗುರು ಸಿಕ್ಕುವುದಿಲ್ಲ. ಸ್ಟೀಲ್ ಪ್ಲೇಟಿನಲ್ಲಿ ನೀಲಿ ಕಲೆ ಇಲ್ಲ. ವೈರ್ ಮಾತ್ರ ಅಷ್ಟು ಚೆನ್ನಾಗಿಲ್ಲ. ಬೇಸಿಗೆಯ ಧೂಳಿಗೆ ಬಿರುಸಾಗಿದೆ, ಮಳೆಗಾಲದ ಮುಂಚೆ ಬದಲಿಸುತ್ತೇನೆ. ಬೆಲೆಯೂ ಕಡಿಮೆಯಲ್ಲ, ಬಾಸ್ಕೆಟ್ ಒಂದೇ ಕ್ಲಚ್ ಪ್ಲೇಟ್ ಸೆಟ್‌ಗಿಂತ ದುಬಾರಿ. ಅಂಗಡಿಯಲ್ಲಿ ರೆಡಿ ಸಿಗಲಿಲ್ಲ, ಆರ್ಡರ್ ಕೊಟ್ಟು ಕಾಯಬೇಕಾಯಿತು. ನೀವೂ ಮಾಡಿಸುವುದಾದರೆ ಬಾಸ್ಕೆಟ್ ಜೊತೆಗೇ ಸೈಡ್ ಕವರ್ ಗ್ಯಾಸ್ಕೆಟನ್ನೂ ತರಿಸಿಟ್ಟುಕೊಳ್ಳಿ. ಬಿಚ್ಚುವಾಗ ಹಳೆಯದು ಹರಿಯುತ್ತದೆ, ಅದಿಲ್ಲದೆ ಗಾಡಿ ಗ್ಯಾರೇಜಿನಲ್ಲೇ ಕೂರುತ್ತದೆ.