ಹಳೆಯ ವಿಸಿಎ ಕಂಪ್ರೆಸರ್: ಧ್ವನಿ ಚೆನ್ನ, ಎಡ-ಬಲ ಏರುಪೇರಾದರೆ ಹೀಗೆ ಹುಡುಕಿ

1980ರ ದಶಕದ, ಡಿಬಿಎಕ್ಸ್ ಕಂಪನಿಯ ಮಾದರಿಯ ವಿಸಿಎ ಚಿಪ್ (ವೋಲ್ಟೇಜ್ ಹೇಳಿದಂತೆ ಸಿಗ್ನಲ್ ಏರಿಸಿ ಇಳಿಸುವ ಐಸಿ) ಇರುವ ಎರಡು ಚಾನೆಲ್‌ನ ರ‍್ಯಾಕ್ ಕಂಪ್ರೆಸರ್‌ಗಳ ವಿಮರ್ಶೆ ಇದು. ಜೋರಾದ ಧ್ವನಿಯನ್ನು ತಾನಾಗಿಯೇ ತಗ್ಗಿಸುವ ಪೆಟ್ಟಿಗೆಯೇ ಕಂಪ್ರೆಸರ್. ಧ್ವನಿಗೆ ಐದಕ್ಕೆ ನಾಲ್ಕೂವರೆ ಅಂಕ: ಆರ್ಕೆಸ್ಟ್ರಾದಲ್ಲಿ ಗಾಯಕರ ಮೈಕಿಗೆ ಹಾಕಿದರೆ ಗಂಟಲು ಹಿಸುಕಿದಂತೆ ಕೇಳುವುದಿಲ್ಲ. ಬಾಳಿಕೆಗೆ ಮೂರು. ಇಷ್ಟು ವಯಸ್ಸಾದ ಪೆಟ್ಟಿಗೆಯಲ್ಲಿ ಒಂದು ಬದಿ ಜೋರು, ಇನ್ನೊಂದು ಬದಿ ಮೆತ್ತಗೆ ಆಗುವುದು ಮಾಮೂಲು. ರಿಪೇರಿಗೆ ಕೊಟ್ಟರೆ ಮೊದಲು ಐಸಿ ಕೀಳುತ್ತಾರೆ. ಅದು ಕಟ್ಟಕಡೆಗೆ ಮಾಡುವ ಕೆಲಸ.

ಬಿಚ್ಚುವ ಮುಂಚೆ ಅಳೆಯಿರಿ. ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್‌ನಿಂದ 400 ಹರ್ಟ್ಸ್ ಸೈನ್ ಟೋನನ್ನು ವೈ ಕೇಬಲ್ ಮೂಲಕ ಎರಡೂ ಇನ್‌ಪುಟ್‌ಗೆ ಕೊಡಿ. 1000 ಹರ್ಟ್ಸ್ ಬೇಡ, ಅಗ್ಗದ ಮಲ್ಟಿಮೀಟರ್‌ಗಳನ್ನು ಅಲ್ಲಿ ನಂಬುವಂತಿಲ್ಲ. ಥ್ರೆಶೋಲ್ಡ್ (ಯಾವ ಮಟ್ಟ ದಾಟಿದರೆ ತಗ್ಗಿಸಬೇಕು ಎಂಬ ಗುಂಡಿ) ಪೂರ್ತಿ ಮೇಲೆ, ರೇಷಿಯೊ (ಎಷ್ಟು ತಗ್ಗಿಸಬೇಕು ಎಂಬುದು) 1:1, ಔಟ್‌ಪುಟ್ ಗೇನ್ ಸೊನ್ನೆ, ಗೇಟ್ (ಮೆಲ್ಲನೆಯ ಸದ್ದನ್ನು ಮುಚ್ಚುವ ಭಾಗ) ಆಫ್. ಎರಡೂ ಔಟ್‌ಪುಟ್‌ನ ಎಸಿ ವೋಲ್ಟ್ ನೋಡಿ. 12% ವ್ಯತ್ಯಾಸ ಅಂದರೆ ಸುಮಾರು 1 ಡಿಬಿ (ಡೆಸಿಬೆಲ್). ಅರ್ಧ ಡಿಬಿಯೊಳಗೆ ಇದ್ದರೆ ಸುಮ್ಮನಿದ್ದುಬಿಡಿ, ಹಳೆಯ ಪಾಟ್‌ಗಳು (ತಿರುಗಿಸುವ ಗುಂಡಿಯ ಹಿಂದಿನ ಪೊಟೆನ್ಶಿಯೊಮೀಟರ್) ಅದಕ್ಕಿಂತ ಹತ್ತಿರ ಹೊಂದುವುದು ಅಪರೂಪ. ಒಂದು ಬದಿ ಸರಿಯಾಗಿ ಅರ್ಧ, ಅಂದರೆ 6 ಡಿಬಿ ಕಡಿಮೆ ಬಂದರೆ ಮೊದಲು ಕೇಬಲ್ ಮೇಲೆ ಅನುಮಾನಪಡಿ: ಬ್ಯಾಲೆನ್ಸ್ಡ್ ಕೇಬಲ್‌ನ ಒಂದು ತಂತಿ ಕಡಿದಿರುತ್ತದೆ, ಇಲ್ಲವೇ ಒಂದು ಕಡೆ ಸ್ಟೀರಿಯೊ ಪಿನ್, ಇನ್ನೊಂದು ಕಡೆ ಮೊನೊ ಪಿನ್ ಹಾಕಿರುತ್ತಾರೆ.

ಕೇಬಲ್ ಅದಲು ಬದಲು ಮಾಡಿದರೂ ದೋಷ ಅದೇ ಚಾನೆಲ್‌ನಲ್ಲಿ ಉಳಿದರೆ, ಎರಡೂ ಚಾನೆಲ್ ಒಂದೇ ಸಮ ತಗ್ಗುವಂತೆ ಜೋಡಿಸುವ ಲಿಂಕ್ ಬಟನ್ ಒತ್ತಿ. ಅರ್ಧ ಉತ್ತರ ಅದೊಂದೇ ಕೊಡುತ್ತದೆ. ಎರಡೂ ಬದಿಯ ರೇಷಿಯೊ ಒಂದೇ ಸಮ ಏರಿಸಿ, ಚೆನ್ನಾಗಿರುವ ಬದಿಯ ಮೀಟರಿನಲ್ಲಿ 10 ಡಿಬಿ ಇಳಿಯುವಷ್ಟು ಎರಡೂ ಥ್ರೆಶೋಲ್ಡ್ ಸಮನಾಗಿ ತಗ್ಗಿಸಿ, ಲಿಂಕ್ ಇಲ್ಲದೆ ಒಮ್ಮೆ, ಲಿಂಕ್ ಹಾಕಿ ಒಮ್ಮೆ ಅಳೆಯಿರಿ. ಲಿಂಕ್ ಹಾಕಿದಾಗ ಸರಿಹೋದರೆ ಆಡಿಯೊ ದಾರಿ ಚೆನ್ನಾಗಿದೆ, ತೊಂದರೆ ಡಿಟೆಕ್ಟರ್ (ಸಿಗ್ನಲ್ ಅಳೆದು ಎಷ್ಟು ತಗ್ಗಿಸಬೇಕೆಂದು ವಿಸಿಎಗೆ ಹೇಳುವ ಭಾಗ) ಕಡೆ: ಥ್ರೆಶೋಲ್ಡ್ ಪಾಟ್, ಟೈಮಿಂಗ್ ಕೆಪಾಸಿಟರ್, ಇಲ್ಲವೇ ಸೈಡ್‌ಚೈನ್ ಜ್ಯಾಕ್ (ಡಿಟೆಕ್ಟರ್‌ಗೆ ಹೊರಗಿನಿಂದ ಸಿಗ್ನಲ್ ಕೊಡುವ ಜ್ಯಾಕ್). ಲಿಂಕ್‌ನಲ್ಲೂ ಉಳಿದರೆ ಆಡಿಯೊ ದಾರಿಯಲ್ಲೇ ಇದೆ. ಕಂಪ್ರೆಶನ್ ಎಷ್ಟಿದ್ದರೂ ವ್ಯತ್ಯಾಸ ಒಂದೇ ಸಮ ಇದ್ದರೆ ಔಟ್‌ಪುಟ್ ಪಾಟ್ ಅಥವಾ ಕಪ್ಲಿಂಗ್ ಕೆಪಾಸಿಟರ್ (ಒಂದು ಹಂತದಿಂದ ಮುಂದಿನದಕ್ಕೆ ಸಿಗ್ನಲ್ ದಾಟಿಸುವುದು). ಕಂಪ್ರೆಶನ್ ಹೆಚ್ಚಿದಂತೆ ಬೆಳೆದರೆ ಮಾತ್ರ ವಿಸಿಎ.

ಸೈಡ್‌ಚೈನ್ ಜ್ಯಾಕನ್ನು ಯಾರೂ ನೋಡುವುದೇ ಇಲ್ಲ. ಹಲವು ಮಾದರಿಗಳಲ್ಲಿ ಪಿನ್ ಹಾಕದಿದ್ದಾಗ ಸಿಗ್ನಲ್ ಜ್ಯಾಕಿನೊಳಗಿನ ಸ್ವಿಚ್ ಕಾಂಟ್ಯಾಕ್ಟ್ ಮೂಲಕವೇ ಡಿಟೆಕ್ಟರ್‌ಗೆ ಹೋಗುತ್ತದೆ. ಅದಕ್ಕೆ ಕಿಲುಬು ಹಿಡಿದರೆ ಆ ಚಾನೆಲ್ ಕಂಪ್ರೆಸ್ಸೇ ಆಗದು, ಜೋರಾಗಿ ಕೇಳುತ್ತದೆ, ಮೀಟರಿನ ಎಲ್‌ಇಡಿ ಹತ್ತುವುದಿಲ್ಲ. ಪಿನ್ ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಜೀವ ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ.

ಪಾಟ್‌ಗೂ ಅದೇ ಕ್ಲೀನರ್. ಪ್ಲಗ್ ಕಿತ್ತು, ಹೊಡೆದು, ಈ ತುದಿಯಿಂದ ಆ ತುದಿಗೆ 20-30 ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡವೇ ಬೇಡ. ಅದರ ಜಿಡ್ಡು ದೂಳು ಹಿಡಿಯುತ್ತದೆ, ಮಂಡಕ್ಕಿ ಭಟ್ಟಿಗಳ ಊರಾದ ದಾವಣಗೆರೆಯಲ್ಲಂತೂ ಮಸಿಯನ್ನೂ.

ಕೆಪಾಸಿಟರ್ ಪತ್ತೆಗೆ ಟೋನನ್ನು 50 ಹರ್ಟ್ಸ್‌ಗೆ ಇಳಿಸಿ. 400ರಲ್ಲಿ ಸಮ ಇದ್ದು 50ರಲ್ಲಿ ಒಂದು ಬದಿ ಬಿದ್ದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದೆ. ಎರಡೂ ಚಾನೆಲ್‌ನದು ಒಟ್ಟಿಗೇ ಬದಲಾಯಿಸಿ. ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯದು. ಒಂದೇ ಬದಿ ಕೆಟ್ಟಿದ್ದರೆ ಪವರ್ ಸಪ್ಲೈ ಕೆದಕಿ ಹೊತ್ತು ಕಳೆಯಬೇಡಿ, ಅದು ಸಾಮಾನ್ಯವಾಗಿ ಎರಡಕ್ಕೂ ಒಂದೇ.

ವಿಸಿಎ ಸಾಕೆಟ್‌ನಲ್ಲಿದ್ದರೆ ಎಡದ್ದನ್ನು ಬಲಕ್ಕೆ ಹಾಕಿ ನೋಡಿ, ದೋಷವೂ ಜೊತೆಗೆ ಹೋದರೆ ಚಿಪ್ ಕೆಟ್ಟಿದೆ. ಒಂದೇ ಸಾಲಿನ ಎಂಟು ಕಾಲು, ಮೊದಲನೆಯ ಕಾಲಿನ ಗುರುತು ತಪ್ಪದಿರಲಿ. ಹಳೆಯ 2150 ಸರಣಿಯ ಜಾಗಕ್ಕೆ ದ್ಯಾಟ್ ಕಾರ್ಪೊರೇಷನ್‌ನ 2180 ಅಥವಾ 2181 ಬಳಸುತ್ತಾರೆ. 2180ಕ್ಕೆ ಸಿಮೆಟ್ರಿ ಟ್ರಿಮ್ (ವಿಕೃತಿ ತಗ್ಗಿಸುವ ಸಣ್ಣ ಹೊಂದಾಣಿಕೆ) ಬೇಕಿಲ್ಲ, 2181ಕ್ಕೆ ಬೇಕು. ಚಿಪ್ಪನ್ನು ಅಧಿಕೃತ ವಿತರಕರಿಂದ ತರಿಸಿ.

ಬೇಸಿಗೆಯಲ್ಲಿ ಇನ್ನೊಂದು ಕಾಟ. ಈ ಚಿಪ್‌ಗಳ ಕಂಟ್ರೋಲ್ ಪ್ರಮಾಣ ಡಿಗ್ರಿಗೆ 0.33% ಬದಲಾಗುತ್ತದೆ. ಒಂದು ಚಿಪ್ ಇನ್ನೊಂದಕ್ಕಿಂತ 10 ಡಿಗ್ರಿ ಬಿಸಿಯಿದ್ದರೆ, ಲಿಂಕ್‌ನಲ್ಲಿ 20 ಡಿಬಿ ಒತ್ತಿದಾಗ ಸುಮಾರು 0.65 ಡಿಬಿ ಅಂತರ. ರ‍್ಯಾಕ್‌ನಲ್ಲಿ ಪವರ್ ಆಂಪ್ ಮೇಲೆ ಇಡಬೇಡಿ, ಮೇಲೆ ಕೆಳಗೆ ಒಂದೊಂದು ಯೂನಿಟ್ ಜಾಗ ಖಾಲಿ ಬಿಡಿ.